ಒಂಬತ್ತನೆಯ ದಾರಿ

ನಮ್ಮೂರಿನಲ್ಲಿ ದಾರಿಯನ್ನು ದಾರಿ ದಾಟುವುದಿಲ್ಲ. ದಾಟಿಸಿದರೆ ಬೆಳಗಾಗುವುದರೊಳಗೆ ಎರಡೂ ಹೋಗಿ ಅಲ್ಲಿ ಗರಿಕೆ ಬೆಳೆದಿರುತ್ತದೆ. ದಾರಿಯಿಲ್ಲದ ನೆಲದ ಮೇಲೆ ನಡೆದೇ ನೋಡುತ್ತೇನೆ ಅಂತ ಹೊರಟವರು ಎಷ್ಟು ನಡೆದರೂ ಕಡೆಗೆ ತಮ್ಮ ಮನೆಯ ಹೊಸ್ತಿಲನ್ನೇ ಎಡವುತ್ತಾರೆ. ಹುಡುಗಾಟದ ವಯಸ್ಸಿನಲ್ಲಿ ನಾವೆಲ್ಲ ಒಂದೊಂದು ಸಲ ನಡೆದವರೇ, ಕಾಲುನೋವು ಬಿಟ್ಟರೆ ಬೇರೇನೂ ಸಿಕ್ಕಲಿಲ್ಲ. ಹೊಸ ದಾರಿ ಬೇಕಾದವರು ಮಂಡಕ್ಕಿ ಹುರಿಯುವ ಭಟ್ಟಿಯ ಹೊಟ್ಟಿನ ಬೂದಿಯನ್ನು ಚೀಲಕ್ಕೆ ತುಂಬಿ, ಚೀಲದ ಮೂಲೆಗೊಂದು ತೂತು ಮಾಡಿ, ಸುರಿಸುತ್ತ ಹೋಗಬೇಕು. ಬೂದಿ ಬಿದ್ದಷ್ಟು ಉದ್ದಕ್ಕೂ ನೆಲ ಕಾಲಿಗೆ ಒಪ್ಪುತ್ತದೆ. ಹಸಿಬೂದಿ ಇರುವಾಗ ಪೊರಕೆಯಲ್ಲಿ ಗುಡಿಸಿ ತಿದ್ದಬಹುದು. ಒಂದು ರಾತ್ರಿ ಕಳೆಯಿತೆಂದರೆ ದಾರಿ ಹಿಡಿಯಿತು ಅಂತ ಲೆಕ್ಕ.

ಹಳ್ಳದ ಈಚೆಗೆ ನಾವು ಮೂರೇ ಮನೆ. ನಮ್ಮದು, ಮುರಿಗಕ್ಕನದು, ಗೌಸಣ್ಣನದು. ಹೋಗಬೇಕಾದ ಜಾಗಗಳೂ ಮೂರು: ಬಾವಿ, ಭಟ್ಟಿ, ಶಾಲೆ. ಬಾವಿ ಯಾರಿಗೆ ಬೇಡ? ಭಟ್ಟಿಯಿಂದಲೇ ಮೂರೂ ಮನೆಯ ಒಲೆ ಉರಿಯುತ್ತದೆ. ನಾನು ಮತ್ತು ಗೌಸಣ್ಣ ಕಾದ ಮರಳಿನಲ್ಲಿ ಅಕ್ಕಿ ಹುರಿಯುವವರು, ಮುರಿಗಕ್ಕ ಮಧ್ಯಾಹ್ನದ ಮೇಲೆ ಬಂದು ಜರಡಿ ಹಿಡಿಯುವವಳು. ಅದಕ್ಕೂ ಮುಂಚೆ ಅವಳಿಗೆ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಕೆಲಸ. ಗೌಸಣ್ಣನ ನಾಲ್ಕು ಮಕ್ಕಳು ಓದುವುದು ಅದೇ ಶಾಲೆಯಲ್ಲಿ. ಹೀಗೆ ಮೂರು ಮನೆಗೂ ಮೂರು ಮೂರು ದಾರಿ ಬೇಕು, ಒಟ್ಟು ಒಂಬತ್ತು. ಇರುವುದು ಎಂಟು. ಇಲ್ಲದಿರುವುದು ನಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿ.

ನಮ್ಮ ಮನೆ ಎದ್ದದ್ದು ಎಲ್ಲರಿಗಿಂತ ಆಮೇಲೆ. ನನ್ನ ಅಪ್ಪ ಗೋಡೆ ಕಟ್ಟಿಸುವ ಹೊತ್ತಿಗೆ ಉಳಿದ ಎರಡು ಮನೆಗಳ ಆರು ದಾರಿಗಳೂ ಹಿಡಿದಾಗಿತ್ತು. ದಾರಿಗೊಂದು ಬಾಗಿಲು ಇಡುವುದು ಇಲ್ಲಿನ ಪದ್ಧತಿ. ಅಪ್ಪನೂ ಮೂರು ಬಾಗಿಲು ಇಟ್ಟ. ಬಾವಿಯ ಬಾಗಿಲಿಗೆ ದಾರಿ ಸಿಕ್ಕಿತು, ಭಟ್ಟಿಯ ಬಾಗಿಲಿಗೆ ಸಿಕ್ಕಿತು, ಶಾಲೆಯ ಬಾಗಿಲ ಮುಂದೆ ಬರೀ ಗರಿಕೆ. 'ಇವತ್ತಲ್ಲ ನಾಳೆ ಎಳೀತೀನಿ' ಅಂತ ಅಪ್ಪ ಮೂವತ್ತು ವರ್ಷ ಹೇಳಿದ. ನಾನು ಅಕ್ಷರ ಕಲಿತದ್ದು ಅಕ್ಕಿ ಚೀಲಗಳ ಮೇಲಿನ ಮುದ್ರೆ ನೋಡಿ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ಯಾರ ದಾರಿಯಲ್ಲಿ ಬಂದರೋ ಅವರು ಆ ಮನೆಯವರು. ಹೊಸ್ತಿಲಿಗೆ ಯಾರೇ ಬರಲಿ, ಮುಖ ಎಷ್ಟೇ ಗುರುತಿನದಾಗಿರಲಿ, "ಯಾರ ಮನೆ?" ಅಂತ ಕೇಳಿಯೇ ಒಳಗೆ ಬಿಡುವುದು. ಬಂದವರು ಯಾವ ದಾರಿ ತುಳಿದರೋ ಆ ಮನೆಯ ಹೆಸರು ಹೇಳಬೇಕು. ಮುರಿಗಕ್ಕನ ಮೈದುನ ಒಮ್ಮೆ ಎರಡು ಪಾಳಿ ಮಾಡಿ ನಿದ್ದೆಗಣ್ಣಿನಲ್ಲಿ ಭಟ್ಟಿಯಿಂದ ಗೌಸಣ್ಣನ ದಾರಿ ಹಿಡಿದುಬಿಟ್ಟ. "ಯಾರ ಮನೆ?" ಅಂದರೆ "ನಿಮ್ದೇ" ಅನ್ನದೆ ಬೇರೆ ಗತಿಯಿರಲಿಲ್ಲ. ಮಾರನೆಯ ದಿನ ತನ್ನ ದಾರಿ ಹಿಡಿದು ವಾಪಸು ಬಂದಿದ್ದರೆ ಮುಗಿಯುತ್ತಿತ್ತು. ಅವನು ಬರಲಿಲ್ಲ. ಗೌಸಣ್ಣನ ಹೆಂಡತಿ ಮಾಡುವ ಶಾವಿಗೆ ಪಾಯಸದ ರುಚಿ ಹತ್ತಿ, ಒಂದು ವರ್ಷ ಅವರ ಮನೆಗೇ ನೀರು ಹೊತ್ತ. ಮುರಿಗಕ್ಕ ಇವತ್ತಿಗೂ ಆ ಪಾಯಸವನ್ನು ಬೈಯುತ್ತಾಳೆ.

ಇವೆಲ್ಲ ನಗುವ ಮಾತಾಯಿತು. ಶಾಲೆಯ ಹಾಜರಿ ಪುಸ್ತಕ ಮಾತ್ರ ನಗುವ ವಿಷಯವಲ್ಲ. ಮಗು ಮೊದಲ ದಿನ ಯಾರ ದಾರಿಯಲ್ಲಿ ಬರುತ್ತದೋ ಆ ಮನೆಯ ಹೆಸರು ಅದರ ಹೆಸರಿನ ಹಿಂದೆ ಬರೆಯಲಾಗುತ್ತದೆ, ಮತ್ತೆ ಅದನ್ನು ಅಳಿಸುವುದಿಲ್ಲ. ನಾನು ಚಿಕ್ಕವನಿದ್ದಾಗ ಮುರಿಗಕ್ಕನ ಅತ್ತೆ ಬಾವಿಕಟ್ಟೆಯಲ್ಲಿ ಅಪ್ಪನಿಗೆ ಹೇಳಿದ್ದಳಂತೆ: 'ಹುಡುಗನ್ನ ಬಾವಿ ತನಕ ನಿನ್ನ ದಾರೀಲಿ ಕಳಿಸು. ಅಲ್ಲಿಂದ ನಮ್ಮ ದಾರಿ ಹಿಡಿದು ನಮ್ಮನೆ ಹಾಯ್ದು ಶಾಲೆಗೆ ಹೋಗ್ಲಿ.' ಅಪ್ಪ ಕೊಡ ಅಲ್ಲೇ ಕುಕ್ಕಿ, 'ನನ್ನ ಮಗ ನಿಮ್ಮನೆ ಹೆಸರಲ್ಲಿ ಓದೋದು ಬ್ಯಾಡ' ಅಂದನಂತೆ. ಆ ಮಾತನ್ನು ಅಪ್ಪ ನನಗೆ ಹೆಮ್ಮೆಯಿಂದಲೇ ಹೇಳಿದ್ದ. ನಾನು ಕೇಳಿದ್ದೂ ಹೆಮ್ಮೆಯಿಂದಲೇ.

ನನ್ನ ಮಗಳು ದಾಕ್ಷಾಯಣಿ ಶಾಲೆಯ ಬಾಗಿಲಲ್ಲಿ ಕೂತೇ ಬೆಳೆದಳು. ದಾರಿಗೆ ಅಡ್ಡಿ ಇರುವುದು, ದನಿಗೆ ಇಲ್ಲ. ವಿಮಲಾ ಟೀಚರ ಪಾಠ ಬಯಲು ದಾಟಿ ನಮ್ಮ ಹೊಸ್ತಿಲಿಗೆ ಬರುತ್ತದೆ. ಹಾಗಾಗಿ ದಾಕ್ಷಿಗೆ ಮಗ್ಗಿ ಎಲ್ಲ ಬಾಯಿಪಾಠ, ಪದ್ಯ ಎಲ್ಲ ಬಾಯಿಪಾಠ. ಕಪ್ಪುಹಲಗೆ ಮಾತ್ರ ಅವಳು ಕಂಡಿಲ್ಲ. ಟೀಚರು "ಇಲ್ಲಿ ನೋಡಿ ಮಕ್ಕಳೇ" ಅಂದಾಗಲೆಲ್ಲ ಇವಳು ಕುತ್ತಿಗೆ ಉದ್ದ ಮಾಡುತ್ತಿದ್ದಳು. ಚೀಲದ ಮುದ್ರೆಗಳಿಂದ ನಾನು ಕಲಿಸಿದ ಅಕ್ಷರಗಳು ಅವಳಿಗೆ ಗೊತ್ತು. ಆದರೆ ಚೀಲದ ಮೇಲೆ 'ಅಕ್ಕಿ', 'ತೂಕ' ಇವೇ ತಾನೇ ಇರುವುದು, ಅದರಿಂದ ಎಷ್ಟು ದೂರ ಹೋಗಬಹುದು?

ಒಂದು ದಿನ ತರಗತಿಯಲ್ಲಿ ಟೀಚರು "ಹದಿಮೂರೆಂಟ್ಲ ಎಷ್ಟು?" ಅಂತ ಕೇಳಿದರು. ನಮ್ಮ ಬಾಗಿಲಿಂದ "ನೂರಾ ನಾಕು!" ಅಂತ ಇವಳು ಕೂಗಿದ್ದೇ ತಡ, ಅಲ್ಲಿ ನಗುವೋ ನಗು. ಟೀಚರು ಶಾಲೆಯ ಜಗಲಿಗೆ ಬಂದು ಅಲ್ಲಿಂದಲೇ ಕೂಗಿದರು.

"ತಿಪ್ಪೇಶಪ್ಪಾ, ಇದೀಯೇನಯ್ಯಾ?"

"ಇದೀನಿ ಟೀಚರ್."

"ಈ ದನಿಗೆ ಎಷ್ಟು ತುಂಬ್ತು?"

"ಬರೋ ಆಷಾಢಕ್ಕೆ ಎಂಟು."

"ಎಂಟು ತುಂಬಿದೋರನ್ನ ಹೊಸದಾಗಿ ತಗೊಳ್ಳಂಗಿಲ್ಲ, ಗೊತ್ತಲ್ಲ? ಹೊಸಬರನ್ನ ತಗೊಳ್ಳೋ ದಿನಕ್ಕೆ ಇನ್ನ ಇಪ್ಪತ್ತು ದಿನ ಐತೆ. ಅಷ್ಟರೊಳಗೆ ಏನಾದ್ರೂ ಮಾಡಪ್ಪ."

ಏನಾದರೂ ಮಾಡುವುದು ಅಂದರೆ ಒಂಬತ್ತನೆಯದನ್ನು ಎಳೆಯುವುದು.

ಈ ಒಂಬತ್ತನೆಯದು ನಮ್ಮಲ್ಲಿ ಹೆಸರುವಾಸಿ ಲೆಕ್ಕ. ಭಟ್ಟಿಗೆ ಬಂದವರು ಯಾರೇ ಆಗಲಿ, ನೆಲದ ಮೇಲೆ ಬೂದಿ ಹರವಿ, ಬೆರಳಿನಲ್ಲಿ ಮೂರು ಸೊನ್ನೆ, ಅದರ ಕೆಳಗೆ ಮೂರು ಚೌಕ ಬರೆದುಕೊಂಡು, ಚಹಾ ಆರುವುದರೊಳಗೆ ಬಿಡಿಸುತ್ತೇನೆ ಅಂತ ಕೂರುತ್ತಾರೆ. ಎಂಟು ಗೆರೆ ಸಲೀಸಾಗಿ ಬರುತ್ತವೆ. ಒಂಬತ್ತನೆಯದು ಇನ್ನೇನು ಬಂತು ಅನ್ನುವಾಗ ಯಾವುದೋ ಒಂದು ಗೆರೆ ಅಡ್ಡ ಮಲಗಿರುತ್ತದೆ. ಹಳ್ಳದ ಆಚೆಯಿಂದ ಯಾರೋ ಆಗಾಗ "ಸಿಕ್ತು! ಸಿಕ್ತು!" ಅಂತ ಕೂಗುವುದುಂಟು. ನಾವು ಕೆಲಸ ನಿಲ್ಲಿಸಿ ಕಿವಿಗೊಡುತ್ತೇವೆ. ಆಮೇಲೆ ಆ ಕಡೆಯಿಂದ ಸದ್ದೇ ಇರುವುದಿಲ್ಲ.

ಉಳಿದವರಿಗೆ ಅದು ಚಹಾದ ಹೊತ್ತಿನ ಆಟ. ನನಗೆ ಇಪ್ಪತ್ತು ದಿನದ ಗಡುವು. ಬೆಳಗಿನಿಂದ ಬಾಣಲೆ ಮುಂದೆ ನಿಂತು ತೋಳಿನ ಕೂದಲೆಲ್ಲ ಸುಟ್ಟುಕೊಂಡು ಬಂದವನು, ಮುಖಕ್ಕೆ ನೀರು ಹಾಕಿಕೊಂಡು ಬೂದಿಚೀಲ ಹೆಗಲಿಗೇರಿಸುತ್ತಿದ್ದೆ. ಮೊದಲ ಭಾನುವಾರ ಕೆಲಸ ಬಿಟ್ಟು ಹಳ್ಳದ ಅಂಚು ಹಿಡಿದು ಊರನ್ನೇ ಸುತ್ತು ಹಾಕಿದೆ. ದೂರದಿಂದ ಬಳಸಿ ಬಂದರೆ ಯಾವ ದಾರಿಯೂ ಅಡ್ಡ ಬರಲಾರದು ಅಂತ ನನ್ನ ಎಣಿಕೆ. ಬಿಸಿಲೇರಿ ಇಳಿಯುವ ಹೊತ್ತಿಗೆ ಶಾಲೆಯ ಗಂಟೆ ಕಾಣಿಸಿತು. ಗಂಟೆಗೂ ನನಗೂ ನಡುವೆ ಗೌಸಣ್ಣನ ಮನೆಯಿಂದ ಬಾವಿಗೆ ಹೋಗುವ ದಾರಿ ಆರಾಮಾಗಿ ಬಿದ್ದುಕೊಂಡಿತ್ತು. ಎಳೆದದ್ದನ್ನೆಲ್ಲ ಗುಡಿಸುತ್ತ ವಾಪಸು ಬಂದೆ. ನನ್ನ ಹೆಂಡತಿ ಚೌಡಮ್ಮ ಬಾಗಿಲಲ್ಲಿ ನಿಂತಿದ್ದಳು.

"ಊರೆಲ್ಲಾ ಗುಡಿಸಿ ಬಂದ್ರಾ? ಹಂಗೇ ಒಳಗಿನ ಪಡಸಾಲೇನೂ ಗುಡಿಸಿಬಿಡ್ರಿ, ಪೊರಕೆ ಹೆಂಗೂ ಕೈಯಾಗೈತೆ."

ಎರಡನೆಯ ಸಲ ಮಾಡಿದ್ದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಮುರಿಗಕ್ಕನ ಬಾವಿ ದಾರಿಯನ್ನು ದಾಟಿದರೆ ಶಾಲೆ ಕೂಗಳತೆಯಲ್ಲೇ ಇತ್ತು. ದಾಟಬಾರದು ಸರಿ, ಮುಟ್ಟದೆ ಮೇಲಿಂದ ಹೋದರೆ? ನಾಲ್ಕು ಗಳ ನೆಟ್ಟು, ಅದರ ಮೇಲೆ ಭಟ್ಟಿಯ ಹಳೆಯ ಹಲಗೆ ಇಟ್ಟು, ಹಲಗೆಯ ಮೇಲೆ ಬೂದಿ ಸುರಿದು ಶಾಲೆಯ ಜಗಲಿಯವರೆಗೆ ನಡೆದೇಬಿಟ್ಟೆ. ದಾಕ್ಷಿ ಬಾಗಿಲಲ್ಲಿ ಕುಣಿದಳು. ಮುರಿಗಕ್ಕನನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತಾಳೆ ಅಂತಲೇ ಕೇಳಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಬಯಲಿನ ನಡುವೆ ಹಲಗೆಯೊಂದೇ ನಿಂತಿತ್ತು. ಮೇಲಿನ ದಾರಿಯೂ ಇಲ್ಲ, ಕೆಳಗಿನದೂ ಇಲ್ಲ. ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೊರಗೆ ಬಂದ ಮುರಿಗಕ್ಕ ಗರಿಕೆ ನೋಡಿ ನಿಂತಳು.

ಭಟ್ಟಿ ಆರಿಸಿ ಬೂದಿ ತೆಗೆಯುವುದು ಮೂರು ದಿನಕ್ಕೊಮ್ಮೆ. ಇದ್ದ ಬೂದಿಯನ್ನೆಲ್ಲ ನಾನೇ ಸುರಿದು ಮುಗಿಸಿದ್ದೆ. ಮೂರು ದಿನ ಅವಳ ಮನೆಗೆ ಬಾವಿಯಿರಲಿಲ್ಲ. ಗೌಸಣ್ಣನ ಮಕ್ಕಳು ಶಾಲೆಗೆ ನೀರು ಹೊತ್ತು ತಂದಿಡುತ್ತಿದ್ದರು, ಅವಳು ಅಲ್ಲಿಂದ ಮನೆಗೆ ಒಯ್ಯುತ್ತಿದ್ದಳು. ನಾನೂ ಎರಡು ಕೊಡ ಭಟ್ಟಿಗೆ ತಂದು ಅವಳ ಜರಡಿಯ ಪಕ್ಕ ಇಡುತ್ತಿದ್ದೆ. ಕೊಡ ಎತ್ತಿಕೊಳ್ಳುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಮೂರನೆಯ ದಿನ ಹೊಸ ಬೂದಿ ತಂದು ತನ್ನ ದಾರಿಯನ್ನು ಇದ್ದಲ್ಲೇ ಎಳೆದುಕೊಂಡಳು, ಹುಣಸೆಮರದ ಹತ್ತಿರದ ಆ ಸೊಟ್ಟವನ್ನೂ ಬಿಡದೆ. ಅಷ್ಟು ದಿನ ತಗ್ಗಿಸಿಕೊಂಡಿದ್ದ ನನ್ನ ತಲೆ, ಆ ಸೊಟ್ಟ ನೋಡಿ ಎದ್ದುಬಿಟ್ಟಿತು. ಭಟ್ಟಿಯಲ್ಲಿ ಅವಳು ಜರಡಿ ಹಿಡಿದಿದ್ದಾಗ ಅಂದೇಬಿಟ್ಟೆ.

"ಮುರಿಗಕ್ಕ, ಆ ಮರದ ಹತ್ರ ಒಂದು ನಾಕು ಮಾರು ಒಳಗೆ ತಗಂಡಿದ್ರೆ ನನ್ನ ಮಗಳಿಗೆ ದಾರಿ ಆಗ್ತಿತ್ತು. ನಿಮ್ಮ ದಾರಿ ಸೊಟ್ಟ ಆಗಿರೋದಕ್ಕೇ ಇಷ್ಟೆಲ್ಲಾ."

ಅವಳ ಕೈಯ ಜರಡಿ ನಿಂತಿತು. "ನನ್ನ ದಾರಿ ಸೊಟ್ಟನಾ? ಮೂರು ದಿನ ಮಕ್ಕಳ ಎಂಜಲು ತಟ್ಟೆ ತೊಳೆಯೋ ನೀರು ಉಳಿಸಿ ಮುಖ ತೊಳ್ದೀನಿ ಕಣೋ ತಿಪ್ಪೇಶಿ. ನಿನ್ನ ಬಾಯಿಗೆ ಒಂದು ಜರಡಿ ಹಿಡಿಯೋರು ಯಾರೂ ಇಲ್ವಲ್ಲ!"

ಗೌಸಣ್ಣ ಸೌಟು ಕೆಳಗಿಟ್ಟು ನಡುವೆ ಬಂದ. "ಅಕ್ಕ, ಬಿಡಕ್ಕ. ತಿಪ್ಪೇಶಿ, ನೀನೂ ಬಿಡು. ಸೊಟ್ಟ ನನ್ನದೂ ಐತೆ, ನಿನ್ನದೂ ಐತೆ. ನಮ್ಮಜ್ಜ ಕತ್ತೆ ಹಿಂದೆ ನಡ್ಕಂಡು ಹೋಗಿ ಎಳ್ದ ದಾರಿ ನಮ್ದು."

"ಹಂಗಾರೆ ಎಲ್ಲಾ ಅಳಿಸಿಬಿಡಾನ" ಅಂದಳು ಮುರಿಗಕ್ಕ. ಸಿಟ್ಟಿನಲ್ಲೇ ಅಂದದ್ದು. "ಎಂಟಕ್ಕೆ ಎಂಟೂ ಅಳಿಸಾನ. ಬಯಲು ಬರೀ ಬಯಲಾಗ್ಲಿ. ಮೂರೂ ಮನೇರು ನಿಂತು ಹೊಸದಾಗಿ ಎಳೆಯಾನ. ಆಗ ನೋಡಾನ ಯಾರದು ಸೊಟ್ಟ ಅಂತ. ಒಂಬತ್ತು ಬಂದ್ರೆ ನಿನ್ನ ಮಗಳನ್ನ ಮೊದಲನೇ ದಿನ ನಾನೇ ಕೈ ಹಿಡಿದು ಬೆಂಚಿನ ಮೇಲೆ ಕೂರಿಸ್ತೀನಿ. ಬರದಿದ್ರೆ ನನ್ನ ದಾರಿ ಬಗ್ಗೆ ಇನ್ನ ಉಸಿರೆತ್ತಬಾರದು."

ಭಟ್ಟಿಗೆ ಅಮಾವಾಸ್ಯೆ ರಜೆ. ಮೊದಲೇ ಚೀಲಗಟ್ಟಲೆ ಬೂದಿ ಕೂಡಿಟ್ಟುಕೊಂಡು, ಹಿಂದಿನ ಸಂಜೆ ಒಬ್ಬೊಬ್ಬರೂ ತಮ್ಮ ದಾರಿಗಳ ಮೇಲೆ ತಾವೇ ಅಡ್ಡಗೆರೆ ಎಳೆದರು. ಬೆಳಗ್ಗೆ ಬಾಗಿಲು ತೆಗೆದರೆ ಎಲ್ಲಿ ನೋಡಿದರೂ ಹಸಿರು. ನನ್ನ ಅಪ್ಪ ಹುಟ್ಟುವುದಕ್ಕೂ ಮುಂಚೆ ಈ ಬಯಲು ಹೀಗಿದ್ದಿರಬೇಕು. ಮೂರು ಹೊಸ್ತಿಲಲ್ಲಿ ಮೂರು ಸಂಸಾರ ಚೀಲ ಹಿಡಿದು ನಿಂತಿದ್ದೆವು. ವಿಮಲಾ ಟೀಚರಿಗೆ ಶಾಲೆಯ ಹಿಂದಿನ ಕೋಣೆಯೇ ಮನೆ. ಅವರು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು.

ಆ ದಿನದ ಗದ್ದಲ ಏನು ಹೇಳಲಿ. "ಬಲಕ್ಕೆ ತಗಳೋ!" "ನನ್ನ ಬಲಕ್ಕೋ ನಿನ್ನ ಬಲಕ್ಕೋ?" "ಅಲ್ಲೇ ನಿಲ್ಲು, ಅದು ನನ್ನ ಬಾವಿ ಗೆರೆ!" "ಏ ಅಕ್ಕ, ನಿನ್ನ ಮೈದುನನ್ನ ಒಳಗೆ ಕರ್ಕ, ಪಾಯಸದ ವಾಸನೆಗೆ ನಮ್ಮನೆ ಕಡೇಗೇ ಗೆರೆ ಎಳೀತಾವ್ನೆ!" ಬೂದಿಯಲ್ಲಿ ಎಲ್ಲರೂ ಒಂದೇ ಬಣ್ಣವಾಗಿದ್ದೆವು. ಮೊದಲನೆಯ ಸಲ ಎಂಟು ಬಿದ್ದು, ಮುರಿಗಕ್ಕನಿಗೆ ಬಾವಿಯಿಲ್ಲ ಅಂತಾಯಿತು. ಗುಡಿಸಿದೆವು. ಎರಡನೆಯ ಸಲ ಎಂಟು ಬಿದ್ದು, ನನಗೆ ಭಟ್ಟಿಯಿಲ್ಲ. ಗುಡಿಸಿದೆವು. ಊಟದ ಹೊತ್ತು ಮೀರಿದರೂ ಯಾರೂ ಒಳಗೆ ಹೋಗಲಿಲ್ಲ.

ಮೂರನೆಯ ಸಲ ನಾನು ಕಣ್ಣು ಮುಚ್ಚಿಕೊಂಡವನಂತೆ ನೇರ ನಡೆದೆ. ಒಂದು ಗೆರೆಯೂ ಅಡ್ಡ ಬರಲಿಲ್ಲ. ಚೀಲದ ಕಡೆಯ ಹಿಡಿ ಬೂದಿ ಶಾಲೆಯ ಮೆಟ್ಟಿಲಿನ ಮೇಲೆ ಬಿತ್ತು. ತಿರುಗಿ ನೋಡಿದೆ. ನಮ್ಮ ಮೂರನೆಯ ಬಾಗಿಲಿಂದ ನನ್ನ ಕಾಲಿನವರೆಗೆ ಕಪ್ಪನೆಯ ಒಂದೇ ಗೆರೆ. ಬಾಗಿಲಲ್ಲಿ ದಾಕ್ಷಿ ಸ್ಲೇಟು ಎದೆಗವುಚಿಕೊಂಡು ನಿಂತಿದ್ದಳು. ಟೀಚರು ಕುರ್ಚಿಯಿಂದ ಎದ್ದು "ಬಾ ಮಗಾ" ಅಂದರು. ಅವಳು ಹೊಸ್ತಿಲು ಇಳಿದಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನೆಲವನ್ನು ನಂಬದವಳ ಹಾಗೆ. ಆಮೇಲೆ ಓಡಿದಳು.

ಅರ್ಧ ಬಂದಿದ್ದಳು, ಆಗ ಗೌಸಣ್ಣನ ದನಿ ಕೇಳಿಸಿತು. ಅವನು ಕೂಗಿರಲಿಲ್ಲ, ಸಣ್ಣಗೇ ಹೇಳಿದ್ದ. "ತಿಪ್ಪೇಶಿ, ನನಗೆ ಭಟ್ಟಿ ಇಲ್ಲ ಕಣಪ್ಪ."

ಅವನು ತನ್ನ ಮನೆಯಲ್ಲಿ ಭಟ್ಟಿಯ ಕಡೆಗಿನ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ತುಂಬಿದ ಚೀಲ. ಅವನ ಮುಂದೆ ನನ್ನ ಹೊಸ ಗೆರೆ ಅಡ್ಡ ಮಲಗಿತ್ತು. ಅವನ ಹಿಂದೆ ನಾಲ್ಕು ಮಕ್ಕಳು. ಅವರು ಶಾಲೆಗೆ ಹೋಗಬಹುದು, ನೀರು ತರಬಹುದು. ಉಣ್ಣುವುದು ಎಲ್ಲಿಂದ? ಅವನು 'ಗುಡಿಸು' ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

"ದಾಕ್ಷಿ, ನಿಂತ್ಕ" ಅಂದೆ. ನಿಂತಳು. "ವಾಪಸ್ ಹೋಗವ್ವ."

ಅವಳು ಟೀಚರ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ತಿರುಗಿ ನಡೆದಳು. ನಾನು ಅವಳ ಹಿಂದೆ ಗುಡಿಸುತ್ತ ಹೋದೆ. ನನ್ನ ಮಗಳ ಪುಟ್ಟ ಹೆಜ್ಜೆಗಳನ್ನು ಒಂದೊಂದಾಗಿ ಗುಡಿಸಿದೆ. ಹೊತ್ತು ಮುಳುಗುವ ಮೊದಲು ಹಳೆಯ ಎಂಟನ್ನೇ ಮತ್ತೆ ಇದ್ದಲ್ಲಿ ಎಳೆದುಕೊಂಡೆವು. ಮುರಿಗಕ್ಕ ಹುಣಸೆಮರದ ಸೊಟ್ಟವನ್ನು ಈ ಸಲ ನಾಲ್ಕು ಮಾರು ಒಳಗೆ ತೆಗೆದುಕೊಂಡಳು. ಅದರಿಂದ ಏನೂ ಆಗುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುದಿನ ಕೆಲಸದಿಂದ ಬಂದಾಗ ದಾಕ್ಷಿ ಪಡಸಾಲೆಯಲ್ಲಿ ಕೂತಿದ್ದಳು. ಮುಂದೆ ಮೂರು ಕಲ್ಲು, ಮೂರು ಹುಣಸೆಬೀಜ, ಚೀಲ ಹೊಲಿಯುವ ಸುತಲಿ. ನಾನು ಮತ್ತೆ ಚೀಲಕ್ಕೆ ಕೈ ಹಾಕುವುದನ್ನು ಕಂಡು, "ಅಪ್ಪ, ಕೂತ್ಕ. ಎಳೀಬ್ಯಾಡ" ಅಂದಳು.

"ಇನ್ನ ಒಂಬತ್ತು ದಿನ ಐತಲ್ಲವ್ವ."

"ಒಂಬತ್ತು ವರ್ಷ ಇದ್ರೂ ಬರಲ್ಲ. ಇಲ್ನೋಡು. ಕಲ್ಲು ಅಂದ್ರೆ ಮನೆ, ಬೀಜ ಅಂದ್ರೆ ಜಾಗ. ನಿನಗೆ ಶಾಲೆ ದಾರಿ ಸಿಕ್ತು ಅಂತಲೇ ಇಟ್ಕ. ನಮ್ಮನೆಯಿಂದ ಬಾವಿ. ಬಾವಿಯಿಂದ ಮುರಿಗಜ್ಜಿ ಮನೆ. ಅಲ್ಲಿಂದ ಭಟ್ಟಿ. ಭಟ್ಟಿಯಿಂದ ಗೌಸಮಾಮನ ಮನೆ. ಅಲ್ಲಿಂದ ಶಾಲೆ. ಶಾಲೆಯಿಂದ ತಿರುಗಿ ನಮ್ಮನೆ. ಎಷ್ಟು ದಾರಿ ಆಯ್ತು?"

"ಆರು."

"ಸುತಲಿ ಬಳೆ ಥರ ಆಯ್ತಾ? ಇನ್ನ ಮೂರು ಉಳೀತು. ನಮ್ಮನೆಯಿಂದ ಭಟ್ಟಿ. ಮುರಿಗಜ್ಜಿ ಮನೆಯಿಂದ ಶಾಲೆ. ಗೌಸಮಾಮನ ಮನೆಯಿಂದ ಬಾವಿ. ಮೂರೂ ಬಳೆಯ ಈ ಕಡೆಯಿಂದ ಎದುರು ಕಡೆಗೇ ಹೋಗ್ಬೇಕು." ಅವಳು ಒಂದು ತುಂಡು ಸುತಲಿಯನ್ನು ಬಳೆಯೊಳಗೆ ಇಟ್ಟಳು. "ಒಂದು ಒಳಗೆ ಹೋಯ್ತು. ಇನ್ನೊಂದು ಒಳಗೆ ಹೋದ್ರೆ ಇದನ್ನ ದಾಟುತ್ತೆ. ಅದಕ್ಕೆ ಹೊರಗಿಂದ ಸುತ್ತಿ ಹೋಗ್ಬೇಕು." ಇನ್ನೊಂದನ್ನು ಹೊರಗೆ ಬಳಸಿ ಇಟ್ಟಳು. "ಮೂರನೇದು ಒಳಗೆ ಹೋದ್ರೆ ಒಳಗಿನದನ್ನ ದಾಟುತ್ತೆ. ಹೊರಗೆ ಹೋದ್ರೆ ಹೊರಗಿನದನ್ನ ದಾಟುತ್ತೆ. ಒಳಗೂ ಅಲ್ಲದೆ ಹೊರಗೂ ಅಲ್ಲದೆ ಇನ್ನೆಲ್ಲಿ ಜಾಗ ಐತಪ್ಪ?"

ನಾನು ಮೂರನೆಯ ತುಂಡು ತೆಗೆದುಕೊಂಡೆ. ಒಳಗಿಟ್ಟೆ, ಹೊರಗಿಟ್ಟೆ. ಬಳೆಯನ್ನು ಎಳೆದು ಉದ್ದ ಮಾಡಿದೆ, ಸೊಟ್ಟ ಮಾಡಿದೆ, ಹುಣಸೆಮರದ ಹತ್ತಿರದ ಹಾಗೆ ಡೊಂಕು ಮಾಡಿದೆ. ಎಷ್ಟು ಎಳೆದರೂ ಅದು ಬಳೆಯೇ. ಒಳಗೊಂದು, ಹೊರಗೊಂದು. ಅಪ್ಪನ ಮೂವತ್ತು ವರ್ಷ, ನನ್ನ ಇಷ್ಟು ದಿನ, ಹಳ್ಳದ ಆಚೆಯವರ ಕೂಗು, ಎಲ್ಲವೂ ಆ ಮೊಳದುದ್ದದ ಸುತಲಿಯಲ್ಲಿ ಮುಗಿದು ಕೂತಿತ್ತು. ಯಾರ ದಾರಿಯೂ ಸೊಟ್ಟವಾಗಿರಲಿಲ್ಲ.

"ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನಿನ್ನೆ ನೀನು ಗುಡಿಸ್ತಾ ಬಂದ್ಯಲ್ಲ, ಆಗ ನೋಡ್ತಾ ಇದ್ದೆ." ಅವಳು ನಮ್ಮ ಮನೆಯ ಕಲ್ಲಿನ ಮೇಲೆ ಬೆರಳಿಟ್ಟು, ಸುತಲಿ ಹಿಡಿದು ಬಾವಿಗೆ ಹೋದಳು, ಅಲ್ಲಿಂದ ಮುರಿಗಜ್ಜಿಯ ಕಲ್ಲಿಗೆ, ಅಲ್ಲಿಂದ ಶಾಲೆಯ ಬೀಜಕ್ಕೆ. "ಹಿಂಗೆ ಹೋದ್ರೆ ಎಲ್ಲೂ ದಾಟಲ್ಲಪ್ಪ."

"ಅದು ಬ್ಯಾಡ" ಅಂದೆ. ನನ್ನ ಬಾಯಿಂದ ಅಪ್ಪನ ದನಿ ಬಂದ ಹಾಗಾಯಿತು.

ಒಳಗಿಂದ ಚೌಡಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಎಂದಿನಂತೆ ಚುಚ್ಚಲಿಲ್ಲ. "ನಿಮ್ಮಪ್ಪ ನಿಮಗೆ ಒಂದು ಬಾಗಿಲು ಕೊಟ್ರು. ನೀವು ಇವಳಿಗೂ ಅದೇ ಬಾಗಿಲೇ ಕೊಡ್ತೀರೇನು?" ಅಂದಳು.

ಒಂದು ವಾರ ಬಾಣಲೆಯ ಮರಳು ತಿರುವುತ್ತ, ಹಾಜರಿ ಪುಸ್ತಕದಲ್ಲಿ ನನ್ನ ಮಗಳ ಹೆಸರಿನ ಹಿಂದೆ ಇನ್ನೊಂದು ಮನೆಯ ಹೆಸರು ಬರೆದು ನೋಡಿದೆ, ಅಳಿಸಿ ನೋಡಿದೆ. ಹೆಸರೇ ಬರೆಯದೆ ಖಾಲಿ ಉಳಿದ ಪುಸ್ತಕವನ್ನೂ ನೋಡಿದೆ. ಅದು ಶಾಲೆ ಕಾಣದ ನನ್ನ ಪುಸ್ತಕ. ಹೊಸಬರನ್ನು ತೆಗೆದುಕೊಳ್ಳುವುದಕ್ಕೆ ಎರಡು ದಿನ ಇರುವಾಗ ಜರಡಿಯ ಹತ್ತಿರ ಹೋಗಿ ನಿಂತೆ.

"ಮುರಿಗಕ್ಕ."

"ದಾರಿ ಬಗ್ಗೆ ಉಸಿರೆತ್ತಬಾರದು ಅಂದಿದ್ದೆ."

"ನಿಮ್ಮ ದಾರಿ ಸರಿಯಾಗೇ ಐತೆ. ನನ್ನ ಮಗಳು ಅದರ ಮೇಲೆ ನಡೀಬೌದಾ ಅಂತ ಕೇಳಾಕೆ ಬಂದೆ."

ಅವಳು ಜರಡಿಯನ್ನು ಎರಡು ಸಲ ಜಾಡಿಸಿದಳು. ಮಂಡಕ್ಕಿ ಮೇಲೆ ಹಾರಿ ಬಿತ್ತು. "ನಮ್ಮತ್ತೆ ನಿಮ್ಮಪ್ಪನ್ನ ಕೇಳಿದ್ಲು. ನೀನು ಬಂದು ಕೇಳ್ತೀಯೇನೋ ಅಂತ ನಾನು ಈ ಹುಡುಗಿ ಹುಟ್ಟಿದಾಗಿನಿಂದ ಕಾಯ್ತಾ ಇದೀನಿ. ನಾನಾಗಿ ಕೇಳಿ ಕೊಡ ಕುಕ್ಕಿಸ್ಕಳಾಕೆ ನನಗೇನು ಹುಚ್ಚಾ? ಆದರೆ ಒಂದು ಮಾತು. ನಮ್ಮನೆ ಹಾಯ್ದು ಹೋಗೋಳು ಬರೀ ಹೊಟ್ಟೇಲಿ ಹೋಗಂಗಿಲ್ಲ. ರೊಟ್ಟಿ ತಿಂದು ಹೋಗ್ಬೇಕು."

"ಶಾಲೇಲೂ ನೀವೇ ಉಣ್ಣಿಸ್ತೀರಲ್ಲ."

"ಅದು ಶಾಲೇದು. ಇದು ಮನೇದು."

ಮೊದಲ ದಿನ ನಾನು ದಾಕ್ಷಿಯನ್ನು ಬಾವಿಯವರೆಗೆ ನಮ್ಮ ದಾರಿಯಲ್ಲಿ ಕರೆದುಕೊಂಡು ಹೋದೆ. ಚೌಡಮ್ಮ ಅವಳ ಕೈಗೊಂದು ಸಣ್ಣ ಕೊಡ ಕೊಟ್ಟಿದ್ದಳು, ಬರುವಾಗ ಹೇಗೂ ಬಾವಿ ಮೇಲೇ ಬರಬೇಕಲ್ಲ ಅಂತ. ಬಾವಿಕಟ್ಟೆಯ ಆಚೆ ಬದಿಯಲ್ಲಿ ಮುರಿಗಕ್ಕ ಒಗೆದ ಸೀರೆಯುಟ್ಟು ತನ್ನ ದಾರಿಯ ತುದಿಯಲ್ಲಿ ನಿಂತಿದ್ದಳು. ದಾಕ್ಷಿ ಕೊಡವನ್ನು ಕಟ್ಟೆಯ ಮೇಲಿಟ್ಟು, ನನ್ನ ಕೈ ಬಿಟ್ಟು, ಅವಳ ಕೈ ಹಿಡಿದಳು. ಇಬ್ಬರೂ ಹುಣಸೆಮರ ಬಳಸಿ ಹೋಗುವುದನ್ನು ನೋಡುತ್ತ ನಿಂತೆ. ಮುರಿಗಕ್ಕ ಮೊದಲು ಒಳಗೆ ಹೋಗಿ, ತಿರುಗಿ, ಹೊಸ್ತಿಲಲ್ಲಿ ನಿಂತು ಪದ್ಧತಿಯ ಪ್ರಕಾರ ಕೇಳಿದಳು. ಬಾವಿಯವರೆಗೂ ಕೇಳಿಸಿತು.

"ಯಾರ ಮನೆ?"

ದಾಕ್ಷಿ ಹಿಂತಿರುಗಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ.

"ನಿಮ್ದೇ, ಅಜ್ಜಿ."

ನಾನು ಮನೆಗೆ ಬಂದು, ಒಳಗಿನಿಂದ ಹಾಯ್ದು, ಭಟ್ಟಿಯ ದಾರಿ ಹಿಡಿದೆ. ಬಾಣಲೆ ಕಾದಿತ್ತು. ಅಕ್ಕಿ ಸುರಿಯುವ ಹೊತ್ತಿಗೆ ಶಾಲೆಯ ಗಂಟೆ ಹೊಡೆಯಿತು. ಗೌಸಣ್ಣ ನನ್ನ ಮುಖ ನೋಡಿ ಸೌಟನ್ನು ಮರಳಿನಲ್ಲೇ ನಿಲ್ಲಿಸಿ, ಉಳಿದವರಿಗೂ ಸುಮ್ಮನಿರಿ ಅಂತ ಕೈ ಮಾಡಿದ. ಭಟ್ಟಿ ಒಂದು ಗಳಿಗೆ ಸದ್ದಿಲ್ಲದೆ ನಿಂತಿತು. ಬಯಲಿನ ಮೇಲಿಂದ ವಿಮಲಾ ಟೀಚರ ದನಿ ಬಂತು. ಗೌಸಣ್ಣನ ನಾಲ್ವರ ಹೆಸರು ಮುಗಿಯಿತು. ಆಮೇಲೆ ಸ್ವಲ್ಪ ತಡೆದು, "ಮುರಿಗೆಮ್ಮನ ಮನೆ ದಾಕ್ಷಾಯಣಿ" ಅಂದರು.

"ಬಂದಿದೀನಿ ಟೀಚರ್!"

ಇಷ್ಟು ವರ್ಷ ನಮ್ಮ ಬಾಗಿಲಿಂದ ಹೊರಟು ಅಲ್ಲಿಗೆ ಹೋಗುತ್ತಿದ್ದ ದನಿ, ಈಗ ಅಲ್ಲಿಂದ ಹೊರಟು ನನ್ನ ಕಡೆ ಬಂತು. ಅದರ ಹಿಂದೆಯೇ "ಇಲ್ಲಿ ನೋಡಿ ಮಕ್ಕಳೇ" ಅನ್ನುವುದೂ ಕೇಳಿಸಿತು. ಬಾಣಲೆಯಲ್ಲಿ ಅಕ್ಕಿ ಸೀಯುತ್ತಿತ್ತು. "ತಿರುವೋ ಮಾರಾಯ" ಅಂದ ಗೌಸಣ್ಣ. ತಿರುವಿದೆ.

ಸಂಜೆ ನಾನು ಬಾವಿಯ ಬಾಗಿಲಲ್ಲಿ ಕಾಯುತ್ತ ನಿಂತೆ. ದಾಕ್ಷಿ ಮುರಿಗಕ್ಕನ ಮನೆಯಿಂದ ಹೊರಬಿದ್ದಳು, ಮರ ಬಳಸಿದಳು, ಬಾವಿಕಟ್ಟೆಯ ಮೇಲೆ ಬೆಳಗ್ಗೆ ಇಟ್ಟಿದ್ದ ಕೊಡ ತುಂಬಿಸಿ ಸೊಂಟಕ್ಕಿಟ್ಟುಕೊಂಡು ನಮ್ಮ ದಾರಿಗೆ ಕಾಲಿಟ್ಟಳು. ನೀರು ತುಳುಕುತ್ತಿತ್ತು. ಅವಳ ಗಲ್ಲದ ಮೇಲೆ ಸೀಮೆಸುಣ್ಣದ ಗುರುತಿತ್ತು. ಏನೇನೋ ಹೇಳಬೇಕು ಅಂದುಕೊಂಡಿದ್ದೆ, ಹೊಸ್ತಿಲಲ್ಲಿ ಬಾಯಿಗೆ ಬಂದದ್ದು ಅದೊಂದೇ.

"ಯಾರ ಮನೆ?"

ಅವಳು ಹಿಂದೆ ತಿರುಗಿ, ತಾನು ತುಳಿದು ಬಂದ ದಾರಿಯನ್ನು ಒಮ್ಮೆ ನೋಡಿದಳು.

"ಬೆಳಗ್ಗೆ ಮುರಿಗಜ್ಜೀದು. ಈಗ ನಿಮ್ದು. ಜರುಗಪ್ಪ, ಕೊಡ ಭಾರ ಐತೆ."

ಜರುಗಿದೆ.